ಸಂಘದ ಪುಸ್ತಕ ಬರೆಯುವವರು ಅನುಭವವಿಲ್ಲ ಎನ್ನಬಾರದು

ಪ್ರಶ್ನೆ: ನಮಸ್ಕಾರ ಸರ್. ನನಗೆ 22 ವರ್ಷ. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯವಳು. ಹಾಸನದ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಒಂದು ವರ್ಷವಾಯಿತು. ಶೇಕಡ 64 ಅಂಕ ಬಂದಿದೆ. ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮೊಬೈಲ್‌ನಲ್ಲೇ ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಲೇ ಇದ್ದೇನೆ, ಉತ್ತರ ಬರುವುದಿಲ್ಲ. ಎರಡು ಸಂದರ್ಶನಗಳಿಗೆ ಹೋಗಿದ್ದೆ. ಒಂದರಲ್ಲಿ ನಿಮ್ಮ ಬಗ್ಗೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಬಾಯಿ ಕಟ್ಟಿಹೋಯಿತು. ಇನ್ನೊಂದರಲ್ಲಿ ಅನುಭವ ಎಷ್ಟು ಎಂದರು, ಇಲ್ಲ ಎಂದೆ, ಅಲ್ಲಿಗೆ ಮುಗಿಯಿತು. ಅಪ್ಪ ಹೊಗೆಸೊಪ್ಪು ಮತ್ತು ಆಲೂಗೆಡ್ಡೆ ಬೆಳೆಯುತ್ತಾರೆ. ನಾನು ಮನೆಯಲ್ಲೇ ಇದ್ದೇನೆ. ಅಮ್ಮನ ಸ್ವಸಹಾಯ ಸಂಘದ ಪುಸ್ತಕ ಬರೆದುಕೊಡುತ್ತೇನೆ, ಅಷ್ಟೇ. ಮದುವೆ ಮುಂಜಿಗೆ ಹೋದರೆ ಎಲ್ಲರದೂ ಒಂದೇ ಪ್ರಶ್ನೆ. ಎಂ.ಕಾಂ. ಸೇರಲೇ, ಬೆಂಗಳೂರಿಗೆ ಹೋಗಲೇ, ಸರ್ಕಾರಿ ಪರೀಕ್ಷೆಗೆ ಓದಲೇ? ಯಾವುದಕ್ಕೂ ಧೈರ್ಯ ಬರುತ್ತಿಲ್ಲ. ಮೊದಲು ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆ ಎಂದು ತಿಳಿಸಿ.

ಉತ್ತರ: ಆತ್ಮವಿಶ್ವಾಸದ ವಿಷಯವನ್ನು ಸ್ವಲ್ಪ ಬದಿಗಿಡೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಸಾಲು: ಸಂಘದ ಪುಸ್ತಕ ಬರೆದುಕೊಡುತ್ತೇನೆ, ಅಷ್ಟೇ. ಆ 'ಅಷ್ಟೇ' ಎಂಬುದನ್ನು ಮೊದಲು ಹೊಡೆದುಹಾಕಿ. ಮೂರು ದಶಕ ಬ್ಯಾಂಕಿನಲ್ಲಿದ್ದು, ಸ್ವಸಹಾಯ ಸಂಘಗಳಿಗೆ ಸಾಲ ಮಂಜೂರು ಮಾಡಿ, ಆಮೇಲೆ ಹೊಸಬರನ್ನು ಆರಿಸುವ ಮೇಜಿನ ಈಚೆಗೂ ಕುಳಿತವನು ನಾನು. ಈ ಎರಡೂ ಕೆಲಸಗಳ ಬಲದ ಮೇಲೆ ಹೇಳುತ್ತಿದ್ದೇನೆ.

ಸಂಘದ ಪುಸ್ತಕ ಎಂದರೆ ಏನೇನಿರುತ್ತದೆ ನೋಡಿ. ಸಭೆಯ ನಡಾವಳಿ, ಹಾಜರಿ, ಪ್ರತಿ ಸದಸ್ಯೆಯ ಉಳಿತಾಯ, ಸಂಘವೇ ಸದಸ್ಯೆಗೆ ಕೊಡುವ ಒಳಸಾಲ, ಅದರ ಬಡ್ಡಿ, ಬ್ಯಾಂಕಿನ ಸಾಲದ ಕಂತು, ಕೈಯಲ್ಲಿರುವ ನಗದು, ಪಾಸ್‌ಬುಕ್ಕಿನಲ್ಲಿರುವ ಬಾಕಿ. ಸದಸ್ಯೆಯೊಬ್ಬರು 10,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ 2ರ ಬಡ್ಡಿಯಲ್ಲಿ ಪಡೆದರು ಎನ್ನಿ. ಮೊದಲ ತಿಂಗಳು 200 ರೂಪಾಯಿ ಬಡ್ಡಿ, 1,000 ಅಸಲು. ಮುಂದಿನ ತಿಂಗಳು ಬಡ್ಡಿ ಬೀಳುವುದು 9,000ಕ್ಕೆ, ಅಂದರೆ 180. ನಡುವೆ ಒಂದು ವಾರ ಅವರು ವಾರದ ಉಳಿತಾಯ ಕಟ್ಟಲಿಲ್ಲ, ಇನ್ನೊಂದು ವಾರ ಎರಡು ವಾರದ್ದು ಸೇರಿಸಿ ಕೊಟ್ಟರು, ಅದರಲ್ಲಿ ಐವತ್ತು ರೂಪಾಯಿ ಕಡಿಮೆ. ಇದನ್ನೆಲ್ಲ ಸರಿಯಾದ ಕಲಮಿಗೆ ಬರೆದು, ಸಭೆ ಮುಗಿಯುವಾಗ ಕೈಯಲ್ಲಿರುವ ದುಡ್ಡಿಗೂ ಪುಸ್ತಕದ ಮೊತ್ತಕ್ಕೂ ತಾಳೆ ಮಾಡುವವರು ನೀವು. ಬಿ.ಕಾಂ. ತರಗತಿಯಲ್ಲಿ ನಗದು ಪುಸ್ತಕ, ಖಾತೆ ಪುಸ್ತಕ, ಬ್ಯಾಂಕ್ ಸಮನ್ವಯ ಎಂದು ಪರೀಕ್ಷೆಗಾಗಿ ಓದಿದ್ದನ್ನೇ ನೀವು ನಿಜವಾದ ದುಡ್ಡಿನ ಮೇಲೆ, ನಿಜವಾದ ಜಗಳಗಳ ನಡುವೆ ಮಾಡುತ್ತಿದ್ದೀರಿ. ಜಗಳ ಎಂದದ್ದು ಬೇಕೆಂದೇ. "ನಾನು ಕೊಟ್ಟಿದ್ದೆ, ನೀನು ಬರೆದಿಲ್ಲ" ಎಂಬ ಮಾತು ಬಾರದ ಸಂಘ ಇಲ್ಲ. ಆಗ ಹಳೆಯ ಪುಟ ತಿರುವಿ ತೋರಿಸಿ ಸಮಾಧಾನ ಮಾಡುವುದನ್ನು ಯಾವ ಕಾಲೇಜೂ ಕಲಿಸುವುದಿಲ್ಲ.

ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿದಾಗಿನಿಂದ ಬ್ಯಾಂಕಿನವರು ಸಂಘವನ್ನು ಅಳೆಯುವುದು ಅದರ ಶಿಸ್ತಿನಿಂದ. ಅದನ್ನೇ ಈಗ ಪಂಚಸೂತ್ರ ಎನ್ನುತ್ತಾರೆ: ಕ್ರಮ ತಪ್ಪದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ. ಐದನೆಯದು ಸರಿಯಿಲ್ಲದಿದ್ದರೆ ಮೊದಲ ನಾಲ್ಕು ಇವೆ ಎಂದು ತೋರಿಸಲು ದಾಖಲೆಯೇ ಇರುವುದಿಲ್ಲ. ನಿಮ್ಮ ಅಮ್ಮನ ಸಂಘಕ್ಕೆ ಬ್ಯಾಂಕ್ ಸಾಲ ಸಿಕ್ಕಿದ್ದರೆ ಅದರಲ್ಲಿ ನಿಮ್ಮ ಕೈಬರಹದ ಪಾಲೂ ಇದೆ. ಇದೇ ಕೆಲಸಕ್ಕೆ ಗ್ರಾಮೀಣ ಮಹಿಳೆಯರ ಜೀವನೋಪಾಯದ ಸಂಜೀವಿನಿ ಯೋಜನೆಯ ಪಂಚಾಯಿತಿ ಮಟ್ಟದ ಒಕ್ಕೂಟಗಳಲ್ಲಿ ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರರು ಎಂಬ ಗೌರವಧನದ ಸ್ಥಾನವಿದೆ. ದುಡ್ಡು ಕೊಟ್ಟು ಮಾಡಿಸುವ ಕೆಲಸವನ್ನು ನೀವು ಪುಕ್ಕಟೆಯಾಗಿ ಮಾಡುತ್ತಿದ್ದೀರಿ ಎಂಬ ಕಾರಣಕ್ಕೆ ಅದು ಕೆಲಸವಲ್ಲ ಎಂದಾಗುವುದಿಲ್ಲ.

ಹಾಗಾಗಿ ನಿಮ್ಮ ಬಯೋಡೇಟಾದಲ್ಲಿ ಅನುಭವ ಎಂಬ ಜಾಗದಲ್ಲಿ 'ಇಲ್ಲ' ಎಂದಿರುವುದನ್ನು ಅಳಿಸಿ ಹೀಗೆ ಬರೆಯಿರಿ: "ಇಷ್ಟು ಸದಸ್ಯೆಯರ ಸ್ವಸಹಾಯ ಸಂಘದ ಉಳಿತಾಯ, ಒಳಸಾಲ, ಬಡ್ಡಿ ಮತ್ತು ಬ್ಯಾಂಕ್ ಕಂತಿನ ಲೆಕ್ಕವನ್ನು ಇಂಥ ತಿಂಗಳಿನಿಂದ ಬರೆಯುತ್ತಿದ್ದೇನೆ, ಪ್ರತಿ ತಿಂಗಳು ಪಾಸ್‌ಬುಕ್ ಜೊತೆ ತಾಳೆ ಮಾಡುತ್ತೇನೆ." ಸದಸ್ಯೆಯರ ಸಂಖ್ಯೆ, ತಿಂಗಳು, ಒಟ್ಟು ಸಾಲದ ಮೊತ್ತ, ಎಲ್ಲವೂ ನಿಜವಾದದ್ದೇ ಇರಲಿ. ಪಾಸ್‌ಬುಕ್ ತಾಳೆ ನೋಡುವ ಅಭ್ಯಾಸ ಈವರೆಗೆ ಇಲ್ಲದಿದ್ದರೆ ಈ ತಿಂಗಳಿನಿಂದ ಶುರುಮಾಡಿ ಆಮೇಲೆ ಬರೆಯಿರಿ. ಸಂಘದ ಅಧ್ಯಕ್ಷೆಯಿಂದ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲಿನ ಪತ್ರ ಬರೆಸಿ, ಮೊಹರು ಹಾಕಿಸಿಕೊಳ್ಳಿ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಅಪ್ಪ ಒಯ್ದ ಹೊಗೆಸೊಪ್ಪಿನ ಬೇಲುಗಳ ತೂಕ, ದರ, ಖಾತೆಗೆ ಬಂದ ಹಣ ನೋಡಿಕೊಳ್ಳುವವರೂ ನೀವೇ ಆಗಿದ್ದರೆ ಅದೂ ಒಂದು ಸಾಲು. ಹವ್ಯಾಸ: ಸಂಗೀತ ಕೇಳುವುದು, ಪುಸ್ತಕ ಓದುವುದು ಎಂಬ ಸಾಲನ್ನು ತೆಗೆದರೆ ಇವಕ್ಕೆಲ್ಲ ಜಾಗ ಸಿಗುತ್ತದೆ. ಆ ಸಾಲನ್ನು ಯಾರೂ ಓದುವುದಿಲ್ಲ.

ಇನ್ನು ಆತ್ಮವಿಶ್ವಾಸ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಮಂಡಿಸಿದ ವಿಚಾರ ಈಗಲೂ ಈ ಕ್ಷೇತ್ರದವರು ಆಧಾರವಾಗಿ ಹಿಡಿಯುವಂಥದ್ದು. ಇದು ನನ್ನಿಂದ ಆಗುತ್ತದೆ ಎಂಬ ನಂಬಿಕೆ ಹುಟ್ಟುವುದು ನಾಲ್ಕು ಕಡೆಯಿಂದ ಎಂದರು ಅವರು. ಸ್ವತಃ ಮಾಡಿ ಗೆದ್ದದ್ದು, ನಮ್ಮಂಥವರೇ ಮಾಡಿದ್ದನ್ನು ಕಂಡದ್ದು, ಬೇರೆಯವರ ಹುರಿದುಂಬಿಸುವ ಮಾತು, ಮತ್ತು ಆ ಹೊತ್ತಿನ ನಮ್ಮ ದೇಹ-ಮನಸ್ಸಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲನೆಯದು. ನಮ್ಮ ಊರುಗಳಲ್ಲಿ ವ್ಯಕ್ತಿತ್ವ ವಿಕಸನ ಶಿಬಿರಗಳು ಮಾರುವುದು ಮೂರನೆಯದನ್ನು. ಎರಡು ದಿನ ಚಪ್ಪಾಳೆ ಹೊಡೆಸಿ ಕಳಿಸುತ್ತಾರೆ, ಮೂರನೆಯ ದಿನಕ್ಕೆ ಇಳಿದುಹೋಗಿರುತ್ತದೆ. ಆತ್ಮವಿಶ್ವಾಸ ಬಂದಮೇಲೆ ಕೆಲಸ ಹುಡುಕುತ್ತೇನೆ ಎಂದು ಕಾಯುವುದು, ಈಜು ಬಂದಮೇಲೆ ಕೆರೆಗೆ ಇಳಿಯುತ್ತೇನೆ ಎಂದ ಹಾಗೆ. ಆ ಶಿಬಿರದ ದುಡ್ಡನ್ನು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಕಲಿಯಲು ಕೊಡಿ.

ಸಂದರ್ಶನದಲ್ಲಿ ಬಾಯಿ ಕಟ್ಟಿದ್ದನ್ನು ಕುರಿತು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಕನ್ನಡ ಮಾಧ್ಯಮದ ಮಕ್ಕಳು ನನ್ನೆದುರು ಇದೇ ಜಾಗದಲ್ಲಿ ಎಡವಿದ್ದನ್ನು ಕಂಡಿದ್ದೇನೆ. ಕೈ ನಡುಗುವುದು, ದನಿ ಒಣಗುವುದು ಇವಕ್ಕೆ ಯಾವ ಮಂಡಳಿಯೂ ಅಂಕ ಕಳೆಯುವುದಿಲ್ಲ. ತೊಂದರೆಯಾಗುವುದು ಆಮೇಲಿನ ಮೌನದಿಂದ. ಮೌನವನ್ನು ನೋಡಿದವರಿಗೆ ಗೊತ್ತಿಲ್ಲದೆ ಸುಮ್ಮನಿದ್ದಾರೋ, ಗೊತ್ತಿದ್ದೂ ಹೇಳಲಾಗುತ್ತಿಲ್ಲವೋ ತಿಳಿಯುವುದಿಲ್ಲ. ಅವರು ಮುಂದಿನ ಹೆಸರು ಕರೆಯುತ್ತಾರೆ.

ನಿಮ್ಮ ಬಗ್ಗೆ ಹೇಳಿ ಎಂಬುದು ಪ್ರತಿ ಸಂದರ್ಶನದಲ್ಲೂ ಬರುವ ಪ್ರಶ್ನೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿರುವ ಪರೀಕ್ಷೆ ಇದೊಂದೇ. ಇದಕ್ಕೆ ಐದಾರು ವಾಕ್ಯಗಳ ಉತ್ತರವನ್ನು ಮೊದಲು ಕನ್ನಡದಲ್ಲೇ ಬರೆಯಿರಿ. ಹೆಸರು, ಊರು, ಓದು ಎರಡು ವಾಕ್ಯದಲ್ಲಿ ಮುಗಿಯಲಿ. ಉಳಿದದ್ದು ನೀವು ಮಾಡಿದ ಕೆಲಸ: ಸಂಘದ ಲೆಕ್ಕ, ಅಲ್ಲಿ ಬಂದ ಒಂದು ತೊಡಕು, ಅದನ್ನು ಬಿಡಿಸಿದ ಬಗೆ. ಕೊನೆಗೆ ಈ ಕಚೇರಿಗೆ ಏಕೆ ಬಂದಿರಿ ಎಂಬುದು. ಆಮೇಲೆ ಅದನ್ನು ಪುಟ್ಟಪುಟ್ಟ ಇಂಗ್ಲಿಷ್ ವಾಕ್ಯಗಳಿಗೆ ನೀವೇ ಇಳಿಸಿ. ಅಂತರ್ಜಾಲದಿಂದ ತೆಗೆದ ಉತ್ತರ ಬೇಡ. ತಾನು ಕಷ್ಟಪಟ್ಟು ದುಡಿಯುವವಳು, ಬೇಗ ಕಲಿಯುವವಳು ಎಂಬ ಆ ಎರಡು ಸಾಲುಗಳನ್ನು ಬೆಳಗಿನಿಂದ ಹತ್ತು ಜನರ ಬಾಯಲ್ಲಿ ಕೇಳಿದವರಿಗೆ ಹನ್ನೊಂದನೆಯ ಸಲ ಕಿವಿ ಮುಚ್ಚಿಕೊಳ್ಳುವಂತಾಗಿರುತ್ತದೆ. ಬರೆದದ್ದನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿ. ಮೊದಲ ಸಲ ನಾಚಿಕೆಯಾಗುತ್ತದೆ. ನಿಂತು ಹೇಳಿ, ಕುಳಿತು ಹೇಳಿ, ಅಮ್ಮನ ಮುಂದೆ ಹೇಳಿ. ಉಳಿದ ಇಂಗ್ಲಿಷ್ ಹೇಗಿದ್ದರೂ ಈ ಒಂದು ನಿಮಿಷ ಮಾತ್ರ ತಡವರಿಸದೆ ಬರುವಂತಿರಬೇಕು. ಮೊದಲ ನಿಮಿಷ ದಾಟಿದರೆ ಉಸಿರು ತಾನಾಗಿ ಹದಕ್ಕೆ ಬರುತ್ತದೆ.

ಅದಾದ ಮೇಲೂ ಮಾತು ಸಿಕ್ಕಿಬಿದ್ದರೆ, ಕನ್ನಡದಲ್ಲಿ ಹೇಳಬಹುದೇ ಎಂದು ಕೂಡಲೇ ಕೇಳಿ. ಕೇಳುವುದರಲ್ಲಿ ಅವಮಾನವಿಲ್ಲ. ಹಾಸನದ ಬಹುತೇಕ ಕಚೇರಿಗಳಲ್ಲಿ ಸಂದರ್ಶನವೇ ಕನ್ನಡದಲ್ಲಿ ನಡೆಯುತ್ತದೆ, ಏಕೆಂದರೆ ಅಲ್ಲಿಗೆ ಬರುವ ಗಿರಾಕಿ ಕಟ್ಟಿನಕೆರೆ ಮಾರುಕಟ್ಟೆಯ ವ್ಯಾಪಾರಿ, ಸಕಲೇಶಪುರದ ಕಾಫಿ ಬೆಳೆಗಾರ, ಶುಂಠಿ ಕೊಳ್ಳುವ ಮಂಡಿಯವರು. ಅಂಥ ಕಡೆ ಇಂಗ್ಲಿಷ್ ಬೇಕಾಗುವುದು ಮಾತಿಗಿಂತ ಹೆಚ್ಚಾಗಿ ಓದಿಗೆ: ತೆರಿಗೆ ಇಲಾಖೆಯ ನೋಟಿಸು, ಬ್ಯಾಂಕಿನ ಇಮೇಲು, ಪೋರ್ಟಲ್‌ನಲ್ಲಿ ಕೆಂಪಕ್ಷರದಲ್ಲಿ ಬರುವ ದೋಷದ ಸಂದೇಶ. ಆದ್ದರಿಂದ ಸ್ಪೋಕನ್ ಇಂಗ್ಲಿಷ್ ತರಗತಿಗೆ ಓಡುವ ಮುನ್ನ ನಿಮ್ಮ ಕಸುಬಿನ ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳುವುದನ್ನು ರೂಢಿಸಿಕೊಳ್ಳಿ. ದಿನಕ್ಕೆ ಒಂದು ಪುಟ ಸಾಕು. ಮಾತು ನಿಧಾನಕ್ಕೆ ಅದರ ಹಿಂದೆ ಬರುತ್ತದೆ.

ಈಗ ಎಲ್ಲಿ ಹುಡುಕಬೇಕೆಂಬುದಕ್ಕೆ ಬರೋಣ. ನೀವು ಮೊಬೈಲ್‌ನಲ್ಲಿ ಅರ್ಜಿ ಹಾಕುತ್ತಿರುವ ಬೆಂಗಳೂರಿನ ಪ್ರತಿ ಹುದ್ದೆಗೂ ರಾಜ್ಯದ ಎಲ್ಲ ಬಿ.ಕಾಂ.ನವರೂ ಅರ್ಜಿ ಹಾಕುತ್ತಿರುತ್ತಾರೆ. ಅನುಭವ ಎಂಬ ಚೌಕದಲ್ಲಿ ಸೊನ್ನೆ ಇದ್ದರೆ ಎಷ್ಟೋ ಕಡೆ ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಅರ್ಜಿ ಪಕ್ಕಕ್ಕೆ ಸರಿದಿರುತ್ತದೆ. ಉತ್ತರ ಬಾರದಿರುವುದು ನಿಮ್ಮ ಬಗೆಗಿನ ತೀರ್ಪಲ್ಲ. ನಿಮ್ಮನ್ನು ಯಾರೂ ನೋಡಿಯೇ ಇಲ್ಲ. ಇತ್ತ ಹಾಸನದ ಬಿ.ಎಂ. ರಸ್ತೆ, ಸಾಲಗಾಮೆ ರಸ್ತೆ, ಸಂತೇಪೇಟೆಯ ಮಹಡಿಗಳ ಮೇಲಿರುವ ಸಣ್ಣ ಕಚೇರಿಗಳಿಗೆ ಜನ ಬೇಕಾದಾಗ ಅವರು ಎಲ್ಲಿಯೂ ಜಾಹೀರಾತು ಕೊಡುವುದಿಲ್ಲ. "ಯಾರಾದರೂ ಹುಡುಗಿ ಇದ್ದರೆ ಹೇಳಿ" ಎಂದು ಇನ್ನೊಬ್ಬರಿಗೆ ಹೇಳಿಡುತ್ತಾರೆ. ಆ ಇನ್ನೊಬ್ಬರಿಗೆ ನಿಮ್ಮ ಹೆಸರು ಗೊತ್ತಿರಬೇಕು, ಅಷ್ಟೇ ವಿಷಯ.

ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ಒಂದು ಊರಿನಲ್ಲಿ ಜನ ಕೆಲಸ ಹುಡುಕಿಕೊಂಡ ಬಗೆಯನ್ನು ಅಧ್ಯಯನ ಮಾಡಿ 1973ರಲ್ಲಿ ಬರೆದದ್ದು ನಮ್ಮ ಊರಿಗೂ ಹೊಂದುತ್ತದೆ. ಕೆಲಸದ ಸುದ್ದಿ ಹೆಚ್ಚಾಗಿ ತಂದವರು ಅಪರೂಪಕ್ಕೆ ಕಾಣುವ ಪರಿಚಯದವರು. ಆಪ್ತರು ತಂದದ್ದು ಕಡಿಮೆ. ಕಾರಣ ಸರಳ. ಅಪ್ಪ, ಅಮ್ಮ, ಆಪ್ತ ಗೆಳತಿ ಇವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಅರ್ಧ ಪರಿಚಯದವರು ಬೇರೆ ಜನರ ನಡುವೆ ಓಡಾಡುತ್ತಾರೆ. ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಅಂಥವರ ಹೆಸರು ಬರೆಯಿರಿ: ಲೆಕ್ಕಶಾಸ್ತ್ರ ಕಲಿಸಿದ ಉಪನ್ಯಾಸಕರು, ಸಂಘದ ಸಾಲ ನೋಡುವ ಬ್ಯಾಂಕಿನ ಅಧಿಕಾರಿ, ಟ್ಯಾಲಿ ಕೇಂದ್ರದವರು, ಎರಡು ವರ್ಷ ಮುಂದಿದ್ದ ಸೀನಿಯರ್, ಅಪ್ಪ ಗೊಬ್ಬರ ತರುವ ಅಂಗಡಿಯವರು. ಗೊಬ್ಬರದಂಗಡಿಯವರಿಗೂ ಲೆಕ್ಕ ಬರೆಯುವವರು ಒಬ್ಬರು ಇದ್ದೇ ಇರುತ್ತಾರಲ್ಲ. "ಏನಾದರೂ ಕೆಲಸ ಇದ್ದರೆ ಹೇಳಿ" ಎನ್ನಬೇಡಿ, ಆ 'ಏನಾದರೂ' ಯಾರ ನೆನಪಿನಲ್ಲೂ ಉಳಿಯುವುದಿಲ್ಲ. "ಬಿ.ಕಾಂ. ಆಗಿದೆ, ಸಂಘದ ಲೆಕ್ಕ ಬರೆದು ರೂಢಿ ಇದೆ, ಟ್ಯಾಲಿ ಕಲಿಯುತ್ತಿದ್ದೇನೆ, ಆಡಿಟರ್ ಕಚೇರಿಯಲ್ಲಿ ಕೆಲಸ ನೋಡುತ್ತಿದ್ದೇನೆ" ಎಂದರೆ ಉಳಿಯುತ್ತದೆ. ಮದುವೆ ಮನೆಯಲ್ಲಿ ಕೇಳುವವರಿಗೂ ಇದೇ ಉತ್ತರ ಕೊಡಿ. ಹತ್ತರಲ್ಲಿ ಒಂಬತ್ತು ಜನ ಸುಮ್ಮನೆ ಕೇಳಿದ್ದಿರಬಹುದು, ಹತ್ತನೆಯವರ ಭಾವಮೈದುನ ತೆರಿಗೆ ಸಲಹೆಗಾರರಿರಬಹುದು.

ಆಡಿಟರ್ ಕಚೇರಿ ಎಂದು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಬಿ.ಕಾಂ. ಮುಗಿಸಿದವರಿಗೆ ಅಷ್ಟು ಬೇಗ, ಅಷ್ಟು ಬಗೆಯ ವ್ಯಾಪಾರಗಳ ಒಳಗನ್ನು ತೋರಿಸುವ ಜಾಗ ಹಾಸನದಲ್ಲಿ ಇನ್ನೊಂದಿಲ್ಲ. ಅಲ್ಲಿನ ತಿಂಗಳಿಗೆ ತನ್ನದೇ ಪಂಚಾಂಗ ಉಂಟು. ಪ್ರತಿ ತಿಂಗಳು ಲೆಕ್ಕ ಸಲ್ಲಿಸುವ ವ್ಯಾಪಾರಿಗಳ ಮಾರಾಟದ ವಿವರವಾದ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು ಗಡುವು. 14ರಂದು ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಎಂಬ, ವ್ಯಾಪಾರಿ ಕೊಂಡ ಸರಕಿನ ಬಿಲ್ಲುಗಳ ಪಟ್ಟಿ ತಯಾರಾಗುತ್ತದೆ. 20ಕ್ಕೆ ತೆರಿಗೆ ಕಟ್ಟಿ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. 14ರಿಂದ 20ರ ನಡುವಿನ ಆ ವಾರವೇ ಹೊಸಬರಿಗೆ ಪಾಠಶಾಲೆ. ವ್ಯಾಪಾರಿ ತಂದ ಕೊಳ್ಳುವಿಕೆಯ ಬಿಲ್ಲುಗಳನ್ನು 2ಬಿ ಪಟ್ಟಿಯೊಂದಿಗೆ ಒಂದೊಂದಾಗಿ ಹೋಲಿಸಬೇಕು. ಮಾರಿದವರು ತಮ್ಮ ವಿವರ ಸಲ್ಲಿಸದಿದ್ದರೆ ಆ ಬಿಲ್ಲು ಪಟ್ಟಿಯಲ್ಲಿ ಇರುವುದಿಲ್ಲ, ಕೊಂಡವರಿಗೆ ಆ ತಿಂಗಳು, ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದದ್ದರಿಂದ ಕಳೆಯುವ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಕೈಯಿಂದ ದುಡ್ಡು ಹೋಗುತ್ತದೆ. ಎಲ್ಲೋ ಜಿಎಸ್‌ಟಿ ಸಂಖ್ಯೆಯ ಒಂದು ಅಂಕಿ ತಪ್ಪಿರುತ್ತದೆ, ಎಲ್ಲೋ ಒಂದೇ ಬಿಲ್ಲು ಎರಡು ಸಲ ಏರಿರುತ್ತದೆ. ಅದನ್ನು ಹುಡುಕಿ, ಅಂಗಡಿಯವರಿಗೆ ಫೋನ್ ಮಾಡಿ, "ಅಣ್ಣ, ಈ ಬಿಲ್ಲಿನ ಪ್ರತಿ ವಾಟ್ಸಾಪ್ ಮಾಡಿ" ಎಂದು ಕೇಳಿ ತರಿಸಿಕೊಳ್ಳುವ ಹುಡುಗಿ ಮೂರು ತಿಂಗಳಲ್ಲಿ ಆ ಕಚೇರಿಗೆ ಬೇಕಾದವಳಾಗುತ್ತಾಳೆ. ಸಂಘದಲ್ಲಿ ಐವತ್ತು ರೂಪಾಯಿ ವ್ಯತ್ಯಾಸ ಹುಡುಕಿದವರಿಗೆ ಈ ಕೆಲಸದ ಹಿಡಿತ ಬೇಗ ಸಿಗುತ್ತದೆ.

ಇಂಥ ಕಡೆ ಬಾಗಿಲು ತಟ್ಟಲು ಹೋಗುವುದಾದರೆ ತಾರೀಖು ನೋಡಿಕೊಂಡು ಹೋಗಿ. 21ರ ನಂತರ ತಿಂಗಳ ಕೊನೆಯೊಳಗೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋದರೆ ತಲೆಯೆತ್ತಿ ಮಾತಾಡುತ್ತಾರೆ. 18, 19ರಂದು ಹೋದರೆ ಬಾಗಿಲಲ್ಲೇ ಕಳಿಸುತ್ತಾರೆ, ತಪ್ಪು ಅವರದಲ್ಲ. ಜುಲೈ ತಿಂಗಳ ಕೊನೆಯ ವಾರವೂ ಬೇಡ, ಆದಾಯ ತೆರಿಗೆಯ ನೂಕುನುಗ್ಗಲಿರುತ್ತದೆ. ಆದರೆ ಜೂನ್ ತಿಂಗಳಲ್ಲಿ ಹೋಗಿ, ಆ ನೂಕುನುಗ್ಗಲಿಗೇ ಅವರಿಗೆ ಕೈಗಳು ಬೇಕಿರುತ್ತವೆ. ಆಡಿಟರ್‌ಗಳನ್ನು ಬಿಟ್ಟರೆ ಕಾಫಿ ಕ್ಯೂರಿಂಗ್ ಘಟಕಗಳು, ಆಸ್ಪತ್ರೆಗಳ ಬಿಲ್ಲಿಂಗ್ ವಿಭಾಗ, ಕೈಗಾರಿಕಾ ಪ್ರದೇಶದ ಸಿದ್ಧ ಉಡುಪಿನ ಕಾರ್ಖಾನೆಗಳ ಸ್ಟೋರ್ಸ್ ಮತ್ತು ವೇತನ ವಿಭಾಗ, ಸಹಕಾರ ಸಂಘಗಳು ಇವೆ. ದೊಡ್ಡ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವ ರೈಟರ್ ಎಂಬ ಹಳೆಯ ಹುದ್ದೆ ಈಗ ನಿಧಾನವಾಗಿ ಕಂಪ್ಯೂಟರಿಗೆ ಬರುತ್ತಿದೆ. ಚೆಕ್‌ರೋಲ್ ಎಂಬ ಆಳುಗಳ ಹಾಜರಿ ಪಟ್ಟಿ, ವಾರದ ಬಟವಾಡೆ, ಪಿಎಫ್ ಎಲ್ಲವನ್ನೂ ನೋಡಬಲ್ಲವರು ಅಲ್ಲಿಗೂ ಬೇಕು. ಆದರೆ ಓಡಾಟದ ದೃಷ್ಟಿಯಿಂದ ನಿಮಗೆ ಅದು ದೂರ.

ಓಡಾಟ ಎಂದಾಗ ನೆನಪಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರವಿಲ್ಲ. ನಿಮ್ಮ ಊರಿನಿಂದ ಹಾಸನಕ್ಕೆ ದಿನಾ ಬಂದುಹೋಗಲು ಸಂಬಳದಲ್ಲಿ ಬಸ್ಸಿನ ಪಾಲು ಕಳೆಯಬೇಕಾಗಿಲ್ಲ. ಸಂಬಳ ಸಣ್ಣದಾಗಿರುವ ಮೊದಲ ವರ್ಷದಲ್ಲಿ ಇದು ದೊಡ್ಡ ಉಳಿತಾಯ. ಕೊನೆಯ ಬಸ್ಸಿನ ಹೊತ್ತನ್ನು ಮಾತ್ರ ಸಂದರ್ಶನದಲ್ಲೇ ಹೇಳಿಬಿಡಿ. 20ನೇ ತಾರೀಖಿನ ಹತ್ತಿರ ಕಚೇರಿಗಳು ರಾತ್ರಿಯವರೆಗೆ ನಡೆಯುತ್ತವೆ; ನೀವು ಎಷ್ಟು ಹೊತ್ತಿಗೆ ಹೊರಡಲೇಬೇಕು ಎಂಬುದು ಇಬ್ಬರಿಗೂ ಮೊದಲೇ ತಿಳಿದಿರಲಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಹಿಳೆಯರ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಸಣ್ಣ ಕಚೇರಿಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಇನ್ನೊಂದು ಬಾಗಿಲು ಅಪ್ರೆಂಟಿಸ್‌ಶಿಪ್. ಅದು ಐಟಿಐನವರಿಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. 1961ರ ಅಪ್ರೆಂಟಿಸ್ ಕಾಯ್ದೆಯ ವ್ಯಾಪ್ತಿಗೆ ಈಗ ಬಿ.ಎ., ಬಿ.ಕಾಂ. ಪದವೀಧರರೂ ಬರುತ್ತಾರೆ. ನ್ಯಾಟ್ಸ್ ಎಂಬ ಕೇಂದ್ರದ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡರೆ ಒಂದು ವರ್ಷದ ತರಬೇತಿ. 2019ರ ನಿಯಮಗಳು ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ನಿಗದಿ ಮಾಡಿದವು. ಅದರ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುವ ವ್ಯವಸ್ಥೆ. ಸರ್ಕಾರಿ ಬ್ಯಾಂಕುಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ. ಕೆನರಾ ಬ್ಯಾಂಕ್ 2024ರಲ್ಲಿ 3,000 ಪದವೀಧರ ಅಪ್ರೆಂಟಿಸ್‌ಗಳಿಗೆ ಅರ್ಜಿ ಕರೆದಾಗ ತಿಂಗಳಿಗೆ 15,000 ರೂಪಾಯಿ ಎಂದಿತ್ತು. ಬ್ಯಾಂಕುಗಳ ಈ ನೇಮಕಾತಿಯಲ್ಲಿ ಸ್ಥಳೀಯ ಭಾಷೆ ಗೊತ್ತಿರಲೇಬೇಕು, ಹತ್ತನೇ ತರಗತಿಯಲ್ಲೋ ಪಿಯುಸಿಯಲ್ಲೋ ಆ ಭಾಷೆಯನ್ನು ಓದಿದ ಅಂಕಪಟ್ಟಿ ಇದ್ದರೆ ಭಾಷಾ ಪರೀಕ್ಷೆಯೂ ಇರುವುದಿಲ್ಲ. ನಿಮ್ಮ ಕನ್ನಡ ಮಾಧ್ಯಮದ ಅಂಕಪಟ್ಟಿ ಅಲ್ಲಿ ನೆರವಿಗೆ ಬರುತ್ತದೆ. ಅಪ್ರೆಂಟಿಸ್ ಆಗುವುದೆಂದರೆ ನೌಕರಿ ಸಿಕ್ಕಂತೆ ಅಲ್ಲ, ವರ್ಷದ ಕೊನೆಗೆ ಕಾಯಂ ಮಾಡುವ ಭರವಸೆ ಇರುವುದಿಲ್ಲ. ಆದರೆ ಕೈಯಲ್ಲಿ ಪ್ರಮಾಣಪತ್ರ ಇರುತ್ತದೆ, ಅನುಭವ ಎಷ್ಟು ಎಂದವರಿಗೆ ಉತ್ತರ ಇರುತ್ತದೆ.

ರಾಜ್ಯ ಸರ್ಕಾರದ ಯುವನಿಧಿಗೆ ಅರ್ಜಿ ಹಾಕಿದ್ದೀರಾ? ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಅರ್ಜಿ ಸೇವಾಸಿಂಧು ಮೂಲಕ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ, ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೆ ಇದು ಬರುವುದಿಲ್ಲ, ಆದ್ದರಿಂದ ಮುಂದೆ ಆ ದಾರಿ ಹಿಡಿದರೆ ನಿಲ್ಲಿಸಿಕೊಳ್ಳಬೇಕು. ಅಲ್ಲಿಯವರೆಗೆ ಟ್ಯಾಲಿ ಶುಲ್ಕಕ್ಕೆ, ಜೆರಾಕ್ಸ್‌ಗೆ, ಒಂದು ಒಳ್ಳೆಯ ಜೊತೆ ಚಪ್ಪಲಿಗೆ ಅಪ್ಪನ ಮುಂದೆ ಕೈಚಾಚುವುದು ತಪ್ಪುತ್ತದೆ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲೂ ಹೆಸರು ನೋಂದಾಯಿಸಿ. ಉದ್ಯೋಗ ಮೇಳಗಳ ಸುದ್ದಿ ಅಲ್ಲಿ ಮೊದಲು ಸಿಗುತ್ತದೆ. ಮೇಳದ ಬಗ್ಗೆ ನನಗೆ ದೊಡ್ಡ ನಿರೀಕ್ಷೆ ಇಲ್ಲ. ಆದರೂ ಹೋಗಿ. ಒಂದೇ ದಿನದಲ್ಲಿ ಐದಾರು ಜನರ ಮುಂದೆ ಆ ಒಂದು ನಿಮಿಷದ ಪರಿಚಯವನ್ನು ಹೇಳಿ ನೋಡಲು ಅದಕ್ಕಿಂತ ಅಗ್ಗದ ಅಭ್ಯಾಸ ಸಿಗದು.

ನೀವು ಕೇಳಿದ ಮೂರು ದಾರಿಗಳ ಬಗ್ಗೆ. ಎಂ.ಕಾಂ.: ಉಪನ್ಯಾಸಕಿ ಆಗಬೇಕೆಂಬ ಆಸೆ ಇದ್ದರೆ, ಆಮೇಲೆ ಅದರ ಅರ್ಹತಾ ಪರೀಕ್ಷೆಗಳಾದ ಕೆ-ಸೆಟ್ ಅಥವಾ ನೆಟ್ ಬರೆಯುವ ಮನಸ್ಸಿದ್ದರೆ ಸೇರಿ. ಕೆಲಸ ಹುಡುಕುವ ಭಯವನ್ನು ಎರಡು ವರ್ಷ ಮುಂದೂಡಲು ಬೇಡ. ಬೆಂಗಳೂರು: ನೇಮಕಾತಿ ಪತ್ರ ಕೈಗೆ ಬರುವ ಮೊದಲು ಹೋಗಿ ಪಿಜಿಗೆ ಮುಂಗಡ ಕಟ್ಟಿ ಕೂರುವುದು ಬೇಡ. 2017ರಿಂದ ಹಾಸನದಿಂದ ಶ್ರವಣಬೆಳಗೊಳದ ಮೂಲಕ ನೇರ ರೈಲು ಇದೆ, ಸಂದರ್ಶನವಿದ್ದರೆ ಹೋಗಿ ಮುಗಿಸಿ ಬರಬಹುದು. ಸರ್ಕಾರಿ ಪರೀಕ್ಷೆ: ಖಂಡಿತ ಬರೆಯಿರಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಯ 1,000 ಹುದ್ದೆಗಳಿಗೆ ಕರೆದಾಗ ಪಿಯುಸಿ ಅರ್ಹತೆ ಇದ್ದುದರಿಂದ ಪದವೀಧರರೂ ಸ್ನಾತಕೋತ್ತರರೂ ಅದೇ ಸಾಲಿನಲ್ಲಿ ನಿಂತಿದ್ದರು. ಅಧಿಸೂಚನೆಗೆ ಕಾಯುವ ವರ್ಷಗಳಲ್ಲಿ ದಿನಕ್ಕೆ ಎರಡು ಗಂಟೆ ಓದಿಗೆ, ಉಳಿದ ಹಗಲು ಕೆಲಸಕ್ಕೆ ಎಂದು ಹಂಚಿಕೊಂಡವರು ಆಯ್ಕೆಯಾಗದಿದ್ದರೂ ಬರಿಗೈಯಲ್ಲಿ ಉಳಿಯುವುದಿಲ್ಲ.

ಮೋಸದ ಬಗ್ಗೆ ಎರಡು ಮಾತು ಕಟುವಾಗಿಯೇ ಹೇಳುತ್ತೇನೆ. ಕೆಲಸ ಕೊಡಲು ದುಡ್ಡು ಕೇಳುವವರು ಕೆಲಸ ಕೊಡುವವರಲ್ಲ. ತರಬೇತಿ ಶುಲ್ಕ, ಸಮವಸ್ತ್ರದ ಠೇವಣಿ, ಲ್ಯಾಪ್‌ಟಾಪ್ ಭದ್ರತೆ, ಯಾವ ಹೆಸರಿನಲ್ಲಿ ಕೇಳಿದರೂ ಎದ್ದು ಬನ್ನಿ. ಟೆಲಿಗ್ರಾಂನಲ್ಲಿ ವಿಡಿಯೊ ಲೈಕ್ ಮಾಡಿದರೆ ಸಂಬಳ ಎನ್ನುವವರು ಮೊದಲು ನೂರಿನ್ನೂರು ಹಾಕಿ ಆಮೇಲೆ ಸಾವಿರಗಳನ್ನು ಎಳೆದುಕೊಳ್ಳುತ್ತಾರೆ. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಸಣ್ಣ ಊರುಗಳಲ್ಲಿ ಇನ್ನೊಂದು ಕೆಟ್ಟ ಪದ್ಧತಿ ಇದೆ: ಬಿಟ್ಟುಹೋಗದಿರಲಿ ಎಂದು ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುವುದು. ತೋರಿಸಿ, ವಾಪಸ್ ತೆಗೆದುಕೊಳ್ಳಿ. ಅವರ ಬಳಿ ಉಳಿಯಬೇಕಾದದ್ದು ನೀವು ಸಹಿ ಹಾಕಿದ ಜೆರಾಕ್ಸ್ ಮಾತ್ರ. ಒಪ್ಪದಿದ್ದರೆ ಆ ಕೆಲಸವೇ ಬೇಡ.

ಸಂಬಳದ ಮಾತು. ಮೊದಲ ಆರು ತಿಂಗಳು ಅದು ಹೇಳಿಕೊಳ್ಳುವಂತಿರುವುದಿಲ್ಲ. ಪುಕ್ಕಟೆಯಾಗಿ ಮಾತ್ರ ದುಡಿಯಬೇಡಿ. ಒಂದು ವಾರ ಕೆಲಸ ನೋಡಿ ಎಂದರೆ ಸರಿ, ಮೂರು ತಿಂಗಳು ಕಲಿಯಿರಿ ಆಮೇಲೆ ನೋಡೋಣ ಎಂದರೆ ನಮಸ್ಕಾರ ಹೇಳಿ. ಎಷ್ಟು ಕೊಡುತ್ತಾರೆ, ಯಾವಾಗ ಹೆಚ್ಚಿಸುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ, ಕೊನೆಗೆ ವಾಟ್ಸಾಪ್ ಸಂದೇಶದಲ್ಲಾದರೂ ಇರಲಿ. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಾದರೆ ಪಿಎಫ್ ಇದೆಯೇ ಎಂದು ವಿಚಾರಿಸಿ. ಮೂಲ ವೇತನದ ಶೇಕಡ 12ರಷ್ಟು ನಿಮ್ಮಿಂದ ಕಡಿತವಾಗುತ್ತದೆ, ಅಷ್ಟನ್ನೇ ಅವರೂ ಹಾಕಬೇಕು. ಕಡಿತ ನೋಡಿ ಬೇಸರಪಡಬೇಡಿ. ನಾಳೆ ಅನುಭವ ಪತ್ರ ಕೊಡಲು ಸತಾಯಿಸಿದರೂ ಪಿಎಫ್ ಖಾತೆಯಲ್ಲಿ ನೀವು ಎಲ್ಲಿ, ಯಾವ ತಿಂಗಳಿನಿಂದ ದುಡಿದಿರಿ ಎಂಬ ದಾಖಲೆ ಉಳಿಯುತ್ತದೆ.

ಮನೆಯವರ ಜೊತೆ ಮಾತಾಡುವಾಗ ಅವಧಿ ಹೇಳಿ ಮಾತಾಡಿ. ಸ್ವಲ್ಪ ಸಮಯ ಕೊಡಿ ಎಂದರೆ ಅಪ್ಪನಿಗೆ ಅದಕ್ಕೆ ಕೊನೆ ಕಾಣುವುದಿಲ್ಲ. "ಈ ಸಲದ ಆಲೂಗೆಡ್ಡೆ ಕಿತ್ತು ಮಾರುವಷ್ಟರಲ್ಲಿ ಟ್ಯಾಲಿ ಮುಗಿಸಿ ಒಂದು ಕಚೇರಿ ಸೇರಿರುತ್ತೇನೆ, ಒಂದು ವರ್ಷ ಅಲ್ಲಿ ದುಡಿಯುತ್ತೇನೆ, ಅಲ್ಲಿಯವರೆಗೆ ಮದುವೆಯ ಮಾತು ಬೇಡ" ಎಂದು ಹೇಳಿ ನೋಡಿ. ಬಿತ್ತನೆ, ಕಟಾವು ಎಂದು ಲೆಕ್ಕ ಹಾಕುವವರಿಗೆ ಆ ಗಡುವು ಅರ್ಥವಾಗುತ್ತದೆ.

ಕೊನೆಗೆ, ಒಂದು ವರ್ಷ ಏನು ಮಾಡಿದಿರಿ ಎಂದು ಕೇಳಿಯೇ ಕೇಳುತ್ತಾರೆ. ಸುಮ್ಮನಿದ್ದೆ ಎನ್ನಬೇಡಿ, ಆರೋಗ್ಯ ಸರಿಯಿರಲಿಲ್ಲ ಎಂಬ ಸುಳ್ಳೂ ಬೇಡ. "ಬೆಂಗಳೂರಿಗೆ ಅರ್ಜಿ ಹಾಕುತ್ತಿದ್ದೆ, ಸಿಗಲಿಲ್ಲ, ಊರಿನಲ್ಲಿ ಸಂಘದ ಲೆಕ್ಕ ನೋಡಿಕೊಂಡೆ, ಈಗ ಹಾಸನದಲ್ಲೇ ಕೆಲಸ ಕಲಿಯಬೇಕೆಂದು ಬಂದಿದ್ದೇನೆ" ಎಂಬ ನೇರ ಮಾತು ಸಾಕು. ಹೋಗುವಾಗ ಬಯೋಡೇಟಾದ ಎರಡು ಪ್ರತಿ, ಅಧ್ಯಕ್ಷೆಯ ಪತ್ರ, ಅಂಕಪಟ್ಟಿಯ ಜೆರಾಕ್ಸ್, ಮತ್ತು ಸಂಘದವರ ಒಪ್ಪಿಗೆ ಪಡೆದು, ಹೆಸರುಗಳನ್ನು ಮರೆಮಾಡಿ ಜೆರಾಕ್ಸ್ ಮಾಡಿದ ಲೆಕ್ಕದ ಒಂದು ಪುಟ ಜೊತೆಗಿರಲಿ. ನಂಬರ್ ಕೊಟ್ಟು ಬಂದು ಹತ್ತು ದಿನವಾದರೂ ಕರೆ ಬಾರದಿದ್ದರೆ ಒಮ್ಮೆ ನೀವೇ ಫೋನ್ ಮಾಡಿ. ಇಲ್ಲ ಎಂದರೆ, ಬೇರೆ ಯಾವ ಕಚೇರಿಯಲ್ಲಿ ವಿಚಾರಿಸಬಹುದು ಎಂದು ಅವರನ್ನೇ ಕೇಳಿ. ಹಾಸನದ ಆಡಿಟರ್‌ಗಳಿಗೆ ಒಬ್ಬರಿಗೊಬ್ಬರ ಪರಿಚಯ ಇರುತ್ತದೆ.